ಈ ಐದು ನಿಮಿಷದ ಚಿತ್ರವನ್ನು ಯಾರು ನೋಡಬೇಕು?

ಸೆಕೆಂಡಿಗೆ 24 ಫ್ರೇಮಿನ ಲೆಕ್ಕ ಹಿಡಿದರೆ ಐದು ನಿಮಿಷದ ಅನಿಮೇಷನ್ ಚಿತ್ರದಲ್ಲಿ 7,200 ಫ್ರೇಮುಗಳಿರುತ್ತವೆ. ಕೈಯಲ್ಲಿ ಬಿಡಿಸುವವರು ಸಾಮಾನ್ಯವಾಗಿ ಒಂದು ಚಿತ್ರವನ್ನು ಎರಡು ಫ್ರೇಮಿನಷ್ಟು ಹೊತ್ತು ನಿಲ್ಲಿಸುತ್ತಾರೆ. ಹಾಗೆ ಮಾಡಿದರೂ 3,600 ಚಿತ್ರಗಳ ಕೆಲಸ. ಕ್ಯಾಮೆರಾ ಹಿಡಿದು ಬೀದಿಗಿಳಿದವರಿಗೆ ಇಡೀ ಬೀದಿ ಪುಕ್ಕಟೆಯಾಗಿ ಸಿಗುತ್ತದೆ: ಹಿಂದೆ ಹಾದುಹೋಗುವ ಸೈಕಲ್ಲು, ಗೋಡೆಯ ಮೇಲೆ ಉದುರಿದ ಸುಣ್ಣ, ಅಂಗಡಿ ಕಟ್ಟೆಯ ಮೇಲೆ ಕೂತ ಅಜ್ಜ. ಅನಿಮೇಷನ್ನಿನಲ್ಲಿ ಯಾರಾದರೂ ಕೂತು ಬಿಡಿಸದ ಹೊರತು ತೆರೆಯ ಮೇಲೆ ಒಂದು ಕಡ್ಡಿಯೂ ಬರುವುದಿಲ್ಲ. ಮನೆಯ ಮಾಡು ಹೆಂಚಿನದೋ, ಶಹಾಬಾದಿ ಕಲ್ಲಿನದೋ, ತಗಡಿನದೋ; ತಾಯಿ ಸೆರಗನ್ನು ಬಲಕ್ಕೆ ಹೊದ್ದಿದ್ದಾಳೋ ಎಡಕ್ಕೋ; ಅಪ್ಪನ ಕಾಲಲ್ಲಿ ಚಪ್ಪಲಿ ಇದೆಯೋ ಇಲ್ಲವೋ. ಪ್ರತಿಯೊಂದನ್ನೂ ಯಾರೋ ಒಬ್ಬರು ತೀರ್ಮಾನಿಸಿರಬೇಕು. ಮುಗಿದ ಮೇಲೆ ತಪ್ಪು ಕಂಡರೆ ಇನ್ನೊಂದು ಬೆಳಿಗ್ಗೆ ಹೋಗಿ ಮತ್ತೆ ಚಿತ್ರೀಕರಣ ಮಾಡಿಕೊಂಡು ಬರುವ ದಾರಿಯೂ ಇಲ್ಲ. ಆದ್ದರಿಂದಲೇ ಇದನ್ನು ಯಾರಿಗಾಗಿ ಮಾಡುತ್ತಿದ್ದೇವೆ ಎಂಬ ಪ್ರಶ್ನೆಗೆ ಬೇರೆ ಯಾವ ಸಿನಿಮಾಕ್ಕಿಂತ ಮೊದಲೇ, ಮೊದಲ ಗೆರೆ ಎಳೆಯುವ ಮುಂಚೆಯೇ, ಇಲ್ಲಿ ಉತ್ತರ ಬೇಕು.

ಸಾಮಾನ್ಯವಾಗಿ ಸಿಗುವ ಉತ್ತರಗಳು ಮೂರು. ಒಂದು, ‘ಎಲ್ಲರೂ ನೋಡಬಹುದು’. ಇನ್ನೊಂದು, ‘ಕಾರ್ಟೂನ್ ಅಲ್ಲವೇ, ಮಕ್ಕಳಿಗೆ’. ಮೂರನೆಯದು ಜಾಹೀರಾತು ಕಂಪನಿಗಳಿಂದ ಬಂದದ್ದು: ‘18ರಿಂದ 35 ವರ್ಷದವರು, ನಗರ ಮತ್ತು ಅರೆನಗರ’. ಈ ಮೂರರಲ್ಲಿ ಯಾವುದನ್ನು ತಂದು ಚಿತ್ರ ಬಿಡಿಸುವವರ ಮೇಜಿನ ಮೇಲಿಟ್ಟರೂ ಅವರಿಗೆ ಒಂದು ಗೆರೆಯಷ್ಟೂ ಸಹಾಯವಾಗುವುದಿಲ್ಲ. ಮಾಡು ಹೆಂಚಿನದೋ ತಗಡಿನದೋ ಎಂದು ಅದರಿಂದ ಗೊತ್ತಾಗುವುದಿಲ್ಲ. ನೋಡುಗರ ಬಗ್ಗೆ ನಾವು ಕೊಡುವ ಉತ್ತರ ಸರಿಯಾಗಿದೆಯೇ ಎಂದು ತಿಳಿಯಲು ನಾನು ನಂಬುವ ಅಳತೆ ಇದೊಂದೇ: ಆ ಉತ್ತರದಿಂದ ಚಿತ್ರದಲ್ಲಿ ಏನಾದರೂ ಬದಲಾಗುತ್ತದೆಯೇ?

ಈ ಕೆಲಸವನ್ನು ನಮ್ಮ ಉಪಖಂಡದಲ್ಲಿ ಅತ್ಯಂತ ಶ್ರದ್ಧೆಯಿಂದ ಮಾಡಿದ್ದು ‘ಮೀನಾ’ ಸರಣಿ ಎಂದು ನನ್ನ ನಂಬಿಕೆ. ದಕ್ಷಿಣ ಏಷ್ಯಾದ ಸಾರ್ಕ್ ದೇಶಗಳು 1991ರಿಂದ 2000ದವರೆಗಿನ ಹತ್ತು ವರ್ಷಗಳನ್ನು ಹೆಣ್ಣುಮಗುವಿನ ದಶಕ ಎಂದು ಸಾರಿದ್ದವು. ಆ ಹೊತ್ತಿನಲ್ಲಿ ಯುನಿಸೆಫ್ ಹಳ್ಳಿಯ ಹುಡುಗಿಯೊಬ್ಬಳನ್ನು ನಾಯಕಿಯಾಗಿಸಿ ಕಿರು ಅನಿಮೇಷನ್ ಚಿತ್ರಗಳನ್ನು ಮಾಡಲು ಹೊರಟಿತು. ಬಾಂಗ್ಲಾದೇಶ, ಭಾರತ, ನೇಪಾಳ, ಪಾಕಿಸ್ತಾನ ನಾಲ್ಕಕ್ಕೂ ಒಬ್ಬಳೇ ಹುಡುಗಿ. ಅವಳ ರೂಪ ಬಿಡಿಸಿದವರು ರಾಮ್ ಮೋಹನ್. 1956ರಲ್ಲಿ ಫಿಲ್ಮ್ಸ್ ಡಿವಿಷನ್ನಿನ ಕಾರ್ಟೂನ್ ವಿಭಾಗ ಶುರುವಾದಾಗ, ಡಿಸ್ನಿಯಲ್ಲಿ ಕೆಲಸ ಮಾಡಿ ಬಂದಿದ್ದ ಕ್ಲೇರ್ ವೀಕ್ಸ್ ಅವರ ಕೈಕೆಳಗೆ ಪಳಗಿದವರು ಇವರು. ಮೊದಲ ಕಂತುಗಳ ತಯಾರಿ ಮನಿಲಾದಲ್ಲಿದ್ದ ಹ್ಯಾನ್ನಾ-ಬಾರ್ಬೆರಾ ಸ್ಟುಡಿಯೊದ ನೆರವಿನಿಂದ ನಡೆಯಿತು.

ಕಲಾವಿದರು ಬಿಡಿಸಿದ ಮೊದಲ ರೂಪಗಳನ್ನೇ ಅಂತಿಮ ಎಂದು ಯುನಿಸೆಫಿನವರು ಒಪ್ಪಿಕೊಳ್ಳಲಿಲ್ಲ. ಹುಡುಗಿಯ ಮುಖ, ಉಡುಪು, ಮನೆ, ಮನೆಯವರು ಹೇಗಿರಬೇಕೆಂದು ಹಲವು ಬಗೆಯ ಚಿತ್ರಗಳನ್ನು ಮಾಡಿ ನಾಲ್ಕೂ ದೇಶಗಳ ಹಳ್ಳಿಗಳಿಗೆ ಒಯ್ದರು. ಮಕ್ಕಳನ್ನು, ತಾಯಂದಿರನ್ನು, ಗಂಡಸರನ್ನು ಗುಂಪುಗುಂಪಾಗಿ ಕೂರಿಸಿ ತೋರಿಸಿದರು. ಇವಳು ನಿಮ್ಮ ಊರಿನವಳ ಹಾಗೆ ಕಾಣುತ್ತಾಳೆಯೇ ಎಂದು ಕೇಳಿದರು. ಸೀರೆ ಉಡಿಸಿದರೆ ಒಂದು ಕಡೆಗೆ ದೂರ, ಸಲ್ವಾರ್ ತೊಡಿಸಿದರೆ ಇನ್ನೊಂದು ಕಡೆಗೆ ದೂರ. ಕೊನೆಗೆ ಯಾವ ಒಂದು ದೇಶಕ್ಕೂ ಅಂಟಿಕೊಳ್ಳದ ಸರಳ ಉಡುಪು ನಿಂತಿತು. ಹೆಸರೂ ಹಾಗೆಯೇ: ಹಿಂದೂ ಮನೆಯಲ್ಲೂ ಮುಸ್ಲಿಂ ಮನೆಯಲ್ಲೂ ಇರಬಹುದಾದ ಹೆಸರು ಮೀನಾ. ಜೊತೆಗೊಂದು ಗಿಳಿ, ಮಿಠ್ಠು. ಆ ನಾಲ್ಕೂ ದೇಶಗಳ ಮಕ್ಕಳಿಗೆ ಗೊತ್ತಿರುವ ಹಕ್ಕಿ.

ಇಷ್ಟೇ ಆಗಿದ್ದರೆ ಅದನ್ನು ಒಳ್ಳೆಯ ವೇಷಭೂಷಣ ಸಂಶೋಧನೆ ಎಂದು ಮೆಚ್ಚಿ ಮುಂದೆ ಹೋಗಬಹುದಿತ್ತು. ಆದರೆ ಮೀನಾಳ ಕಥೆಗಳನ್ನು ಎಚ್ಚರದಿಂದ ನೋಡಿದರೆ ಇನ್ನೂ ದೊಡ್ಡದೊಂದು ತಿಳಿವಳಿಕೆ ಅಲ್ಲಿದೆ. ಮೊದಲ ಕಥೆಯಲ್ಲಿ ಮೀನಾಗೆ ಶಾಲೆಗೆ ಹೋಗುವ ಆಸೆ, ಮನೆಯವರು ಕಳಿಸುವುದಿಲ್ಲ. ಅವಳು ಗಿಳಿಯನ್ನು ಶಾಲೆಗೆ ಕಳಿಸುತ್ತಾಳೆ. ಅದು ಕಲಿತು ಬಂದ ಎಣಿಕೆಯನ್ನು ತಾನೂ ಕಲಿಯುತ್ತಾಳೆ. ಒಂದು ದಿನ ಮನೆಯ ಕೋಳಿಗಳನ್ನು ಎಣಿಸಿದಾಗ ಒಂದು ಕಡಿಮೆ ಬಂದು ಕಳ್ಳ ಸಿಕ್ಕಿಬೀಳುತ್ತಾನೆ. ಆಗ ಅಪ್ಪನಿಗೆ ಮಗಳ ಲೆಕ್ಕದ ಬೆಲೆ ಗೊತ್ತಾಗುತ್ತದೆ. ಶಾಲೆಗೆ ಹೋಗಬೇಕೆಂದು ಹುಡುಗಿಯರಿಗೆ ಬುದ್ಧಿ ಹೇಳುವ ಚಿತ್ರವನ್ನು ಅವರು ಮಾಡಲಿಲ್ಲ. ಹುಡುಗಿಯರಿಗೆ ಆ ಆಸೆ ಮೊದಲೇ ಇತ್ತು. ಬಾಗಿಲು ತೆರೆಯುವ ಅಧಿಕಾರ ಇದ್ದದ್ದು ಅಪ್ಪನಿಗೆ. ಅಪ್ಪನಿಗೆ ಅರ್ಥವಾಗುವ ಭಾಷೆಯಾದರೋ ಕೋಳಿ, ಕಳ್ಳತನ, ನಷ್ಟ. ಹುಡುಗಿ ನೋಡಿ ಖುಷಿಪಡುವ ಕಥೆಯೊಳಗೆ ಅಪ್ಪನಿಗೆ ತಟ್ಟಬೇಕಾದ ವಾದವನ್ನು ಅವರು ಇಟ್ಟಿದ್ದರು.

ಮಾವಿನಹಣ್ಣಿನ ಕಥೆಯಲ್ಲಿ ತಮ್ಮ ರಾಜುವಿಗೆ ದೊಡ್ಡ ಪಾಲು, ಮರ ಹತ್ತಿ ಹಣ್ಣು ಕಿತ್ತ ಮೀನಾಗೆ ಚಿಕ್ಕದು. ಗಂಡುಮಗ ಹೆಚ್ಚು ತಿನ್ನಬೇಕೆನ್ನುವುದು ಮನೆಯವರ ನಂಬಿಕೆ. ಒಂದು ದಿನದ ಮಟ್ಟಿಗೆ ಅಕ್ಕ-ತಮ್ಮ ಕೆಲಸ ಅದಲುಬದಲು ಮಾಡಿಕೊಳ್ಳುತ್ತಾರೆ. ಸಂಜೆ ಹೊತ್ತಿಗೆ ಯಾರ ಹೊಟ್ಟೆಗೆ ಎಷ್ಟು ಬೇಕೆಂದು ರಾಜುವಿಗೆ ಮೈಯಿಂದಲೇ ತಿಳಿಯುತ್ತದೆ. ಇಲ್ಲಿ ಹುಡುಗರನ್ನು ಖಳರನ್ನಾಗಿ ಮಾಡಿಲ್ಲ. ತೆರೆಯ ಮುಂದೆ ಕೂತ ಹುಡುಗನಿಗೆ ತನ್ನ ಹಾಗೆಯೇ ಇರುವ ಒಬ್ಬ, ತಪ್ಪು ತಿಳಿದು ತಿದ್ದಿಕೊಳ್ಳುವ ಒಬ್ಬ ಸಿಗುತ್ತಾನೆ. ಅಜ್ಜಿಯೂ ಇದ್ದಾಳೆ, ಹಳೆಯ ಮಾತುಗಳನ್ನೆಲ್ಲ ಆಡುತ್ತಾಳೆ, ಆದರೆ ಅವಳಿಗೆಲ್ಲೂ ಅವಮಾನವಿಲ್ಲ. ಆ ಮನೆಯಲ್ಲಿ ಅಜ್ಜಿಯ ಮಾತಿಗೆ ಎಷ್ಟು ಬೆಲೆಯಿದೆ ಎಂದು ಗೊತ್ತಿದ್ದವರು ಬರೆದ ಕಥೆ ಅದು. ಅಜ್ಜಿಯನ್ನು ಗೇಲಿ ಮಾಡಿದ್ದರೆ ಚಿತ್ರ ಆ ಮನೆಯ ಹೊಸ್ತಿಲನ್ನೇ ದಾಟುತ್ತಿರಲಿಲ್ಲ.

ನೋಡುವವರು ಬೇರೆ, ಆ ಚಿತ್ರದಿಂದ ಮನಸ್ಸು ಬದಲಾಗಬೇಕಾದವರು ಬೇರೆ, ಚಿತ್ರವನ್ನು ಮನೆಯೊಳಗೆ ಬಿಟ್ಟುಕೊಳ್ಳುವವರು ಬೇರೆ ಇರಬಹುದು. ಕೆಲವು ಚಿತ್ರಗಳಲ್ಲಿ ಈ ಮೂವರೂ ಒಬ್ಬರೇ. ಸಮಾಜದ ವಿಷಯ ಹಿಡಿದ ಕಿರುಚಿತ್ರಗಳಲ್ಲಿ ಹಾಗಿರುವುದು ಅಪರೂಪ. ಈ ಮೂವರನ್ನು ಬಿಡಿಬಿಡಿಯಾಗಿ ಗುರುತಿಸದೆ ‘ಮಕ್ಕಳಿಗೆ’ ಎಂದು ಬರೆದು ಮುಗಿಸುವುದರಿಂದಲೇ ನಮ್ಮ ಎಷ್ಟೋ ಜಾಗೃತಿ ಚಿತ್ರಗಳು ಯಾರನ್ನೂ ಮುಟ್ಟುವುದಿಲ್ಲ.

ನೋಡುವ ಜಾಗದ ಮಾತನ್ನೂ ಇಲ್ಲಿ ಹೇಳಬೇಕು. ಅದಕ್ಕೆ ನಮ್ಮ ರಾಜ್ಯದ್ದೇ ಹಳೆಯ ಉದಾಹರಣೆಯಿದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೊ ಮತ್ತು ನಾಸಾ ಸೇರಿ ‘ಸೈಟ್’ ಎಂಬ ಉಪಗ್ರಹ ಟಿವಿ ಪ್ರಯೋಗ ನಡೆಸಿದವು. ಆರು ರಾಜ್ಯಗಳ 2,400 ಹಳ್ಳಿಗಳಲ್ಲಿ ಕೋಳಿಬಲೆಯಂಥ ತಂತಿಯಿಂದ ಮಾಡಿದ, ಸುಮಾರು 3 ಮೀಟರ್ ಅಗಲದ ಡಿಶ್‌ಗಳೂ ಸಾಮೂಹಿಕ ಟಿವಿಗಳೂ ಬಂದವು. ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಬೆಳಿಗ್ಗೆ ಶಾಲೆಯ ಹೊತ್ತಿನಲ್ಲಿ 5ರಿಂದ 12 ವರ್ಷದ ಮಕ್ಕಳಿಗೆ ಕಾರ್ಯಕ್ರಮ, ಸಂಜೆ ದೊಡ್ಡವರಿಗೆ ಕೃಷಿ, ಆರೋಗ್ಯ, ಮನರಂಜನೆ. ಬೆಳಗಿನ ನೋಡುಗರು ಒಂದು ಕೋಣೆಯಲ್ಲಿ, ಮೇಷ್ಟರ ಎದುರಿನಲ್ಲಿ, ಹಗಲಿನಲ್ಲಿ. ಸಂಜೆಯವರು ಗುಂಪಿನಲ್ಲಿ, ಹೊಲದಿಂದ ದಣಿದು ಬಂದು, ನಿಂತೋ ಕೂತೋ, ಮಕ್ಕಳ ಗಲಾಟೆಯ ನಡುವೆ. ಎರಡಕ್ಕೂ ಒಂದೇ ಬಗೆಯ ಚಿತ್ರ ಹೊಂದುವುದಿಲ್ಲ. ದೂರದಿಂದ ನೋಡುವವರಿಗೆ ಆಕೃತಿ ದೊಡ್ಡದಾಗಿ, ಹಿನ್ನೆಲೆ ಖಾಲಿಯಾಗಿ ಇರಬೇಕು. ಗಲಾಟೆಯ ನಡುವೆ ಕೇಳುವವರಿಗೆ ಮುಖ್ಯ ಸಂಗತಿ ಮಾತಿಲ್ಲದೆಯೂ ಚಿತ್ರದಲ್ಲೇ ಕಾಣಬೇಕು. ಇಂಥ ತೀರ್ಮಾನಗಳಿಗೆ ನೋಡುಗರ ವಯಸ್ಸಿನಷ್ಟೇ ಅವರು ಕೂತ ಜಾಗವೂ ಕಾರಣ.

ಇಂದು ಆ ಜಾಗ ಮೊಬೈಲು. ಅಂಗೈಯಷ್ಟು ಪರದೆ, ಬಹುಪಾಲು ನಿಲ್ಲಿಸಿ ಹಿಡಿದದ್ದು, ಬಸ್ಸಿನಲ್ಲಿ ಧ್ವನಿ ಮುಚ್ಚಿ ನೋಡುವಂಥದ್ದು, ಮೊದಲ ಕೆಲವು ಸೆಕೆಂಡಿನಲ್ಲಿ ಹಿಡಿಯದಿದ್ದರೆ ಬೆರಳು ಮುಂದಕ್ಕೆ ತಳ್ಳಿಬಿಡುವಂಥದ್ದು. ಯೂಟ್ಯೂಬಿನಲ್ಲಿ ಇನ್ನೊಂದು ಸಂಗತಿಯೂ ಇದೆ. ಮಕ್ಕಳ ಮಾಹಿತಿ ಸಂಗ್ರಹದ ವಿಷಯದಲ್ಲಿ ಅಮೆರಿಕದ ವ್ಯಾಪಾರ ಆಯೋಗ 2019ರಲ್ಲಿ ಗೂಗಲ್ ಮತ್ತು ಯೂಟ್ಯೂಬಿಗೆ 17 ಕೋಟಿ ಡಾಲರ್ ದಂಡ ಕಟ್ಟಿಸಿದ ಮೇಲೆ, 2020ರ ಜನವರಿಯಿಂದ ಪ್ರತಿ ವಿಡಿಯೊ ಏರಿಸುವವರೂ ಇದು ಮಕ್ಕಳಿಗಾಗಿ ಮಾಡಿದ್ದೋ ಅಲ್ಲವೋ ಎಂದು ಘೋಷಿಸಬೇಕು. ಮಕ್ಕಳಿಗೆ ಎಂದರೆ ಪ್ರತಿಕ್ರಿಯೆ ಬರೆಯುವ ಜಾಗ ಮುಚ್ಚುತ್ತದೆ, ನೋಡುಗರ ಅಭಿರುಚಿ ಹಿಡಿದು ಬರುವ ಜಾಹೀರಾತೂ ನಿಲ್ಲುತ್ತದೆ, ಆದಾಯ ಇಳಿಯಬಹುದು. ನೋಡುಗರು ಯಾರೆಂದು ಕೊನೆಯವರೆಗೂ ತೀರ್ಮಾನಿಸದೆ ಬಂದವರನ್ನೂ ಆ ಪುಟ್ಟ ಪ್ರಶ್ನೆ ಅಲ್ಲಿ ನಿಲ್ಲಿಸುತ್ತದೆ.

‘ಕಾರ್ಟೂನ್ ಎಂದರೆ ಮಕ್ಕಳದು’ ಎನ್ನುವವರಿಗೆ ನಾನು ಗೀತಾಂಜಲಿ ರಾವ್ ಅವರ ‘ಪ್ರಿಂಟೆಡ್ ರೇನ್‌ಬೋ’ ನೋಡಲು ಹೇಳುತ್ತೇನೆ. 2006ರ ಕಾನ್ ಉತ್ಸವದ ವಿಮರ್ಶಕರ ಸಪ್ತಾಹದಲ್ಲಿ ಮೂರು ಪ್ರಶಸ್ತಿ ಪಡೆದ, ಸುಮಾರು ಹದಿನೈದು ನಿಮಿಷದ ಚಿತ್ರ. ಮಹಾನಗರದ ಫ್ಲ್ಯಾಟಿನಲ್ಲಿ ಒಬ್ಬಳೇ ಇರುವ ಮುದುಕಿ, ಅವಳ ಬೆಕ್ಕು, ಅವಳು ಕೂಡಿಟ್ಟ ಬೆಂಕಿಪೊಟ್ಟಣಗಳು. ಆ ಪೊಟ್ಟಣದ ಚಿತ್ರಗಳೊಳಗೆ ಹೊಕ್ಕು ಅವಳು ಬಣ್ಣದ ಲೋಕದಲ್ಲಿ ಅಲೆಯುತ್ತಾಳೆ. ಒಂಟಿತನ ಏನೆಂದು ಬಲ್ಲ ವಯಸ್ಸಿನವರಿಗೆ ಸೇರಿದ ಚಿತ್ರ ಅದು. ಅದರ ನಿಧಾನವೇ ಅದನ್ನು ಹೇಳುತ್ತದೆ. ಆರು ವರ್ಷದ ಮಗು ಬೆಕ್ಕನ್ನು ನೋಡಿ ನಗಬಹುದು, ಅದಕ್ಕೆ ಅಡ್ಡಿಯಿಲ್ಲ.

ಮಕ್ಕಳಿಗೇ ಮಾಡುತ್ತೇವೆ ಎಂದರೂ ಅಲ್ಲಿಗೆ ಕೆಲಸ ಮುಗಿಯುವುದಿಲ್ಲ. ನಾಲ್ಕು ವರ್ಷದ ಮಗುವಿಗೂ ಒಂಬತ್ತರ ಮಗುವಿಗೂ ನಡುವೆ ಇರುವ ದೂರ ಮೂವತ್ತರವರಿಗೂ ಅರವತ್ತರವರಿಗೂ ಇರುವ ದೂರಕ್ಕಿಂತ ಹೆಚ್ಚು. ತೀರ ಚಿಕ್ಕವರಿಗೆ ಕಥೆ ಒಂದೇ ನೇರದಲ್ಲಿ ಸಾಗಬೇಕು. ‘ಹಿಂದೆ ಏನಾಗಿತ್ತೆಂದರೆ’ ಎಂದು ಹಿನ್ನೋಟಕ್ಕೆ ಹೋದರೆ ಅವರು ಎಲ್ಲಿದ್ದೇವೆಂದು ತಿಳಿಯದೆ ಕಂಗಾಲಾಗುತ್ತಾರೆ. ಒಂಬತ್ತರವರಿಗೆ ಪುನರುಕ್ತಿ ಬೇಸರ, ತಮಗಿಂತ ಚಿಕ್ಕವರ ಚಿತ್ರ ಎಂದು ಮುಖ ತಿರುಗಿಸುತ್ತಾರೆ. 1974ರ ‘ಏಕ್ ಅನೇಕ್ ಔರ್ ಏಕತಾ’ ಇಂದಿಗೂ ನೆನಪಿನಲ್ಲಿರುವುದಕ್ಕೆ ಒಂದು ಕಾರಣ ಅದರ ಅಕ್ಕ-ತಮ್ಮ. ನಿರ್ದೇಶಿಸಿದವರು ವಿಜಯಾ ಮುಳೆ, ಅನಿಮೇಷನ್ ಭೀಮ್‌ಸೈನ್ ಅವರದು. ಒಗ್ಗಟ್ಟಿನಂಥ ಅಮೂರ್ತ ವಿಷಯ. ಅದನ್ನು ತಿಳಿಯದ ತಮ್ಮ ಕೇಳುತ್ತ ಹೋಗುತ್ತಾನೆ, ಅಕ್ಕ ಹೇಳುತ್ತ ಹೋಗುತ್ತಾಳೆ. ನೋಡುವ ಮಗುವಿನ ವಯಸ್ಸನ್ನೂ ತಿಳಿವಳಿಕೆಯ ಮಟ್ಟವನ್ನೂ ತೆರೆಯ ಮೇಲೆಯೇ ಒಂದು ಪಾತ್ರವಾಗಿ ನಿಲ್ಲಿಸಿದ್ದಾರೆ.

ಈಗ ನಮ್ಮಲ್ಲಿ ಆಗಲೇಬೇಕಾದ ಒಂದು ಚಿತ್ರವನ್ನು ಎತ್ತಿಕೊಳ್ಳೋಣ. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರ ಸಂಖ್ಯೆ ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000 ಎಂದು ಅಂದಾಜಿದೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವು ಕಡಿತವನ್ನು ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಪ್ರತಿ ಪ್ರಕರಣವೂ ಸರ್ಕಾರಕ್ಕೆ ವರದಿಯಾಗಲೇಬೇಕೆಂದು ಕರ್ನಾಟಕ 2024ರ ಫೆಬ್ರುವರಿಯಲ್ಲಿ ಆದೇಶ ಮಾಡಿತು. ಇದರ ಬಗ್ಗೆ ಐದು ನಿಮಿಷದ ಅನಿಮೇಷನ್ ಮಾಡಿಕೊಡಿ ಎಂದು ಯಾರಾದರೂ ಕೇಳಿದರೆ, ಅದು ಯಾರಿಗೆ?

ಕಚ್ಚಿಸಿಕೊಂಡವರಿಗೆ ಎನ್ನುವುದು ಮೊದಲು ಹೊಳೆಯುವ ಉತ್ತರ. ಆದರೆ ಕಚ್ಚಿಸಿಕೊಂಡವರು ಆ ಗಳಿಗೆಯಲ್ಲಿ ಚಿತ್ರ ನೋಡುವುದಿಲ್ಲ. ಬಹಳಷ್ಟು ಸಲ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವುದೂ ಅವರಲ್ಲ. ಮನೆಯ ಹಿರಿಯರು ತೀರ್ಮಾನಿಸುತ್ತಾರೆ, ಪಕ್ಕದ ಹೊಲದವರು ತೀರ್ಮಾನಿಸುತ್ತಾರೆ, ಬೈಕಿನ ಮೇಲೆ ಕೂರಿಸಿಕೊಂಡವನು ತೀರ್ಮಾನಿಸುತ್ತಾನೆ. ಮಂತ್ರ ಹಾಕಿಸಲು ಆ ಊರಿಗೋ, ಪ್ರತಿವಿಷದ ಔಷಧಿ ಇರುವ ತಾಲ್ಲೂಕು ಆಸ್ಪತ್ರೆಗೋ ಎಂಬ ಆ ಕವಲಿನಲ್ಲಿ ಜೀವ ಉಳಿಯುತ್ತದೆ ಅಥವಾ ಹೋಗುತ್ತದೆ. ಹಾಗಾದರೆ ನಮ್ಮ ನೋಡುಗ ಬೈಕಿನವನು. ಇಪ್ಪತ್ತೈದರ ಪ್ರಾಯ, ಊರಿನ ವಾಟ್ಸಾಪ್ ಗುಂಪಿನಲ್ಲಿರುವವನು, ಗಾಡಿ ತಿರುಗಿಸುವ ಧೈರ್ಯ ಇರುವವನು, ಹಿರಿಯರೆದುರು ಮಾತಾಡಲು ಅಳುಕುವವನು. ಚಿತ್ರ ಅವನಿಗೆ ಬೇಕಾದ ಮಾತನ್ನು ಕೊಡಬೇಕು: ಕಟ್ಟು ಬಿಗಿಯಬೇಡಿ, ಗಾಯ ಕೊಯ್ಯಬೇಡಿ, ಕಾಲನ್ನು ಅಲುಗಾಡಿಸದೆ ಇಟ್ಟುಕೊಳ್ಳಿ, ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ಹಿರಿಯರನ್ನು ದಡ್ಡರೆಂದು ತೋರಿಸಿದರೆ ಅವನು ಆ ಚಿತ್ರವನ್ನು ಮನೆಯಲ್ಲಿ ತೆರೆಯುವುದೂ ಇಲ್ಲ.

ಇದು ಹೊಲದ ಚಿತ್ರ, ಹಗಲಿನ ಚಿತ್ರ. ಇಲ್ಲಿನ ಹಾವು ಹೆಚ್ಚಾಗಿ ಕೊಳಕುಮಂಡಲ. ಬೆಳೆ ಕೊಯ್ಯುವಾಗ, ಹುಲ್ಲು ತೆಗೆಯುವಾಗ, ಚಪ್ಪಲಿ ಇಲ್ಲದ ಕಾಲಿಗೆ ಕಚ್ಚುವುದು. ಅದನ್ನೇ ರಾತ್ರಿಗೆ ತಿರುಗಿಸಿ ನೋಡಿ. ಕಟ್ಟುಹಾವು ಬಹುಪಾಲು ರಾತ್ರಿ, ನೆಲದ ಮೇಲೆ ಮಲಗಿದವರಿಗೆ ಕಚ್ಚುತ್ತದೆ. ಎಷ್ಟೋ ಸಲ ನೋವೂ ಇರುವುದಿಲ್ಲ, ಗುರುತೂ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಎತ್ತಲಾಗದ ಸ್ಥಿತಿ. ಈ ಚಿತ್ರದ ನೋಡುಗರು ಯಾರು? ಮನೆಯಲ್ಲಿ ಹಾಸಿಗೆ ಹಾಸುವವರು, ಹೆಚ್ಚಿನ ಮನೆಗಳಲ್ಲಿ ತಾಯಿ. ಅವಳಿಗೆ ಬೇಕಾದದ್ದು ಮಂಚ, ಸುತ್ತ ಸಿಕ್ಕಿಸಿದ ಸೊಳ್ಳೆಪರದೆ, ಮಗು ಬೆಳಿಗ್ಗೆ ಕಣ್ಣು ಬಿಡಲಾಗುತ್ತಿಲ್ಲವೆಂದರೆ ಅದನ್ನು ನಿದ್ದೆ ಎಂದು ಬಿಡಬಾರದೆಂಬ ತಿಳಿವಳಿಕೆ. ವಿಷಯ ಒಂದೇ, ಹಾವು ಕಡಿತ. ಆದರೆ ನೋಡುಗರು ಬೇರೆಯಾದ ಕೂಡಲೇ ಹಾವು ಬದಲಾಯಿತು, ಹೊತ್ತು ಬದಲಾಯಿತು, ಮುಖ್ಯಪಾತ್ರ ಬದಲಾಯಿತು, ಬಣ್ಣಗಳೂ ಬದಲಾದವು. ಈ ಎರಡನ್ನೂ ಒಂದೇ ಐದು ನಿಮಿಷದಲ್ಲಿ ತುಂಬಿಸಿಬಿಡೋಣ ಎನ್ನುವ ಆಸೆಗೆ ಬಲಿಬಿದ್ದರೆ ಬೈಕಿನವನಿಗೂ ತಾಯಿಗೂ ಅರ್ಧರ್ಧ ಚಿತ್ರ ಸಿಗುತ್ತದೆ.

ಶಾಲೆಯ ಮಕ್ಕಳಿಗೆ ಮೂರನೆಯ ಚಿತ್ರ ಬೇಕಾಗಬಹುದು. ಅಲ್ಲಿ ಹೊಸ ತೊಡಕು: ಹಾವನ್ನು ಹೇಗೆ ಬಿಡಿಸುವುದು? ಗೋಲಿಗಣ್ಣು ಇಟ್ಟು ನಗುಮುಖ ಕೊಟ್ಟರೆ ಮುದ್ದು ಬರುತ್ತದೆ, ಕೈ ಚಾಚುವ ಧೈರ್ಯ ಬರುತ್ತದೆ. ಕೋರೆಹಲ್ಲಿನ ರಾಕ್ಷಸನನ್ನಾಗಿ ಮಾಡಿದರೆ ಕಂಡ ಕೇರೆಹಾವನ್ನೂ ಬಡಿದು ಕೊಲ್ಲುವ ಮಕ್ಕಳು ತಯಾರಾಗುತ್ತಾರೆ. ನಾಗರಹಾವಿನ ಮಾತಂತೂ ಇನ್ನೂ ಸೂಕ್ಷ್ಮ. ನಾಗರಪಂಚಮಿಗೆ ಹಾಲೆರೆಯುವ ಮನೆಯ ಮಗುವಿಗೆ ಅದು ದೇವರು. ಆ ಭಕ್ತಿಯನ್ನು ಗೌರವಿಸುತ್ತಲೇ ದೂರ ನಿಲ್ಲುವುದನ್ನು ಕಲಿಸಬೇಕು. ಹೊಲದವರ ಚಿತ್ರದಲ್ಲಿ ಈ ಸ್ವಾತಂತ್ರ್ಯಗಳು ಯಾವುವೂ ಇಲ್ಲ. ಅಲ್ಲಿ ಕೊಳಕುಮಂಡಲದ ಮೈಮೇಲಿನ ಸರಪಳಿಯಂಥ ಅಂಡಾಕಾರದ ಮಚ್ಚೆಗಳು ಇದ್ದ ಹಾಗೆಯೇ ಬರಬೇಕು. ಅದನ್ನು ಹೆಬ್ಬಾವಿನ ಮರಿ ಎಂದುಕೊಂಡು ಹಿಡಿಯಲು ಹೋದವರು ಬೇಕಾದಷ್ಟಿದ್ದಾರೆ. ನಗರದ ಸ್ಟುಡಿಯೊದಲ್ಲಿ ಕೂತವರಿಗೆ ಎರಡೂ ‘ಮಚ್ಚೆ ಇರುವ ಹಾವು’. ನೋಡುಗರಿಗೆ ಹಾಗಲ್ಲ. ಒಂದು ಗೆರೆ ತಪ್ಪಿದರೂ ಅವರು, ‘ಇವರಿಗೆ ಹಾವೇ ಗೊತ್ತಿಲ್ಲ, ಇನ್ನು ಔಷಧಿ ಏನು ಗೊತ್ತು’ ಎಂದು ಎದ್ದುಹೋಗುತ್ತಾರೆ.

ಮಾತಿನ ಮಟ್ಟವೂ ಹೀಗೆಯೇ ತೀರ್ಮಾನವಾಗಬೇಕು. ಕಲಬುರಗಿಯ ಹೊಲದವನಿಗೆ ಬೆಂಗಳೂರಿನ ಸುದ್ದಿವಾಚಕರ ಕನ್ನಡದಲ್ಲಿ ಬುದ್ಧಿ ಹೇಳಿಸಿದರೆ ಅದು ಸರ್ಕಾರಿ ಪ್ರಕಟಣೆಯಾಗುತ್ತದೆ. ಮಂಡ್ಯದ ಮಾತಿನಲ್ಲಿ ಹೇಳಿದರೆ ಪರವೂರಿನವರು ಬಂದರು ಎನಿಸುತ್ತದೆ. ಅನಿಮೇಷನ್ನಿಗೆ ಇಲ್ಲಿ ಒಂದು ಅನುಕೂಲವಿದೆ, ಅದನ್ನು ನಾವು ಸಾಕಷ್ಟು ಬಳಸಿಲ್ಲ. ಸೈಟ್ ಪ್ರಯೋಗದ ಉಪಗ್ರಹ ಒಂದು ದೃಶ್ಯಕ್ಕೆ ಎರಡು ಧ್ವನಿಗಳನ್ನು ಒಟ್ಟಿಗೆ ಒಯ್ಯಬಲ್ಲದಾಗಿತ್ತು. ಐವತ್ತು ವರ್ಷಗಳ ಬಳಿಕ ಈಗ ಒಂದೇ ಚಿತ್ರಕ್ಕೆ ಕಲಬುರಗಿ, ಧಾರವಾಡ, ಮೈಸೂರು, ಮಂಗಳೂರಿನ ಕನ್ನಡ, ತುಳು, ಉರ್ದು, ಲಂಬಾಣಿ ಹೀಗೆ ಎಷ್ಟು ಧ್ವನಿ ಬೇಕಾದರೂ ಕೂರಿಸಬಹುದು. ಬಿಡಿಸುವ ಖರ್ಚಿಗೆ ಹೋಲಿಸಿದರೆ ಧ್ವನಿಯ ಖರ್ಚು ಏನೂ ಅಲ್ಲ. ಆದರೆ ಹಾಗೆ ಮಾಡುವ ಯೋಚನೆ ಮೊದಲೇ ಇದ್ದರೆ ಮಾತ್ರ ಸಾಧ್ಯ. ತುಟಿ ಹತ್ತಿರದಿಂದ ಕಾಣುವ ಹಾಗೆ ಸಂಭಾಷಣೆಯ ದೃಶ್ಯಗಳನ್ನು ಮಾಡಿಬಿಟ್ಟರೆ, ಫಲಕದ ಮೇಲೆ ಅಕ್ಷರ ಬರೆದುಬಿಟ್ಟರೆ, ಮನೆಯ ರೂಪ ಒಂದೇ ಸೀಮೆಗೆ ಗಂಟುಹಾಕಿದರೆ, ಆಮೇಲೆ ಬರುವ ಧ್ವನಿಗಳೆಲ್ಲ ಬಾಡಿಗೆ ಮನೆಯವರಂತೆ ಕೇಳಿಸುತ್ತವೆ.

ಚಿತ್ರೋತ್ಸವಗಳನ್ನು ಕುರಿತೂ ಎರಡು ಮಾತು. ನಮ್ಮ ವಿನ್ಯಾಸ ಶಾಲೆಗಳಿಂದ ಬರುವ ಒಳ್ಳೆಯ ಕಿರುಚಿತ್ರಗಳಲ್ಲಿ ಕೆಲವನ್ನು ನೋಡುವಾಗ ಅವುಗಳ ನಿಜವಾದ ನೋಡುಗರು ತೀರ್ಪುಗಾರರು ಎನಿಸುತ್ತದೆ. ಅದು ಪಾಪವಲ್ಲ. 1960ರಿಂದ ನಡೆಯುತ್ತಿರುವ ಫ್ರಾನ್ಸಿನ ಆನ್ಸಿ ಉತ್ಸವದಂಥ ಕಡೆ ಆ ಕಲೆಯನ್ನು ಅರಿತವರ ಎದುರು ನಿಲ್ಲುವುದು ಯಾವ ಯುವ ಕಲಾವಿದರಿಗೂ ಬೇಕು. ಆದರೆ ಹಾಗೆ ಮಾಡುತ್ತಿದ್ದೇನೆ ಎಂದು ತಮಗೆ ತಾವು ಸ್ಪಷ್ಟವಾಗಿ ಹೇಳಿಕೊಂಡರೆ ಚಿತ್ರ ಗಟ್ಟಿಯಾಗುತ್ತದೆ. ಅಂಗನವಾಡಿಯ ಮಕ್ಕಳಿಗೆಂದು ಅರ್ಜಿಯಲ್ಲಿ ಬರೆದು ತೀರ್ಪುಗಾರರಿಗೆಂದು ಬಿಡಿಸಿದ ಚಿತ್ರ ಇಬ್ಬರಿಗೂ ಸಲ್ಲುವುದಿಲ್ಲ.

ನೋಡುಗರನ್ನು ಗುರುತಿಸಿದ್ದು ಸರಿಯೇ ಎಂದು ನೋಡುವ ಅವಕಾಶ ಒಂದು ಹಂತದಲ್ಲಿದೆ. ಸ್ಟೋರಿಬೋರ್ಡಿನ ಪೆನ್ಸಿಲ್ ಚಿತ್ರಗಳನ್ನು ಕಾಲಕ್ಕೆ ಸರಿಯಾಗಿ ಜೋಡಿಸಿ, ತಾತ್ಕಾಲಿಕ ಧ್ವನಿ ಹಾಕಿ ಮಾಡುವ ಅನಿಮ್ಯಾಟಿಕ್ ಎಂಬ ಕರಡು ಚಿತ್ರವಿದೆಯಲ್ಲ, ಆಗ. 3,600 ಚಿತ್ರಗಳು ಇನ್ನೂ ಹುಟ್ಟಿರುವುದಿಲ್ಲ, ಬದಲಾವಣೆ ಅಗ್ಗ. ಅದನ್ನು ಮೊಬೈಲಿನಲ್ಲಿ ಹಾಕಿಕೊಂಡು ಆ ಬೈಕಿನ ಹುಡುಗರಿರುವ ಊರಿಗೆ ಹೋಗಬೇಕು. ಸ್ಟುಡಿಯೊದ ಗೆಳೆಯರಿಗೆ ತೋರಿಸಿ ಪ್ರಯೋಜನವಿಲ್ಲ. ‘ಚೆನ್ನಾಗಿದೆಯಾ?’ ಎಂದು ಕೇಳಿಯೂ ಪ್ರಯೋಜನವಿಲ್ಲ. ನಮ್ಮ ಹಳ್ಳಿಗಳಲ್ಲಿ ಮನೆಗೆ ಬಂದವರ ಮುಖಕ್ಕೆ ಹೊಡೆದ ಹಾಗೆ ಚೆನ್ನಾಗಿಲ್ಲ ಎಂದು ಯಾರೂ ಹೇಳುವುದಿಲ್ಲ. ಚಹಾ ಕೊಟ್ಟು, ‘ಚಲೋ ಐತ್ರಿ’ ಎಂದು ಕಳಿಸುತ್ತಾರೆ. ಕೇಳಬೇಕಾದದ್ದು ‘ಇದರಲ್ಲಿ ಏನಾಯಿತು, ನೋಡದವರಿಗೆ ಹೇಳಿ’ ಎಂದು. ಒಬ್ಬ ಹುಡುಗ ಇನ್ನೊಬ್ಬನಿಗೆ ಕಥೆ ಹೇಳುವಾಗ ಸುಮ್ಮನೆ ಪಕ್ಕದಲ್ಲಿ ಕೂತು ಕೇಳಬೇಕು. ಅವನು ಯಾರ ಕಡೆಯಿಂದ ಕಥೆ ಹೇಳುತ್ತಿದ್ದಾನೆ? ಕಚ್ಚಿಸಿಕೊಂಡವನ ಕಡೆಯಿಂದಲೇ ಹೇಳಿದರೆ, ಬೈಕಿನವನನ್ನು ಮರೆತೇಬಿಟ್ಟರೆ, ನಾವು ಬಿಡಿಸಿದ ಬೈಕಿನವನು ಅವನಿಗೆ ತಾನಾಗಿ ಕಂಡಿಲ್ಲ. ಆಸ್ಪತ್ರೆಯ ಬದಲು ಮಂತ್ರ ಹಾಕುವವರ ಮುಖವನ್ನೇ ವಿವರವಾಗಿ ವರ್ಣಿಸಿದರೆ, ನಾವು ತಿಳಿಯದೆ ಆ ಮುಖಕ್ಕೇ ಹೆಚ್ಚು ಕಾಂತಿ ಕೊಟ್ಟಿದ್ದೇವೆ. ಕಥೆಯ ಯಾವ ಭಾಗದಲ್ಲಿ ಕಣ್ಣು ಬೇರೆ ಕಡೆ ಹೋಯಿತೆಂದು ಗಮನಿಸುವುದಕ್ಕೆ ಇನ್ನೊಬ್ಬರು ಜೊತೆಗಿರುವುದು ಒಳ್ಳೆಯದು. ತೋರಿಸುವವರು ತಾವೇ ಪರದೆ ನೋಡುತ್ತಾ ಕೂತುಬಿಡುತ್ತಾರೆ.

ಇಂಥ ಚಿತ್ರಗಳನ್ನು ಮಾಡಿಸುವವರು ಹೆಚ್ಚಾಗಿ ಸರ್ಕಾರಿ ಇಲಾಖೆಗಳು, ದೊಡ್ಡ ಕಂಪನಿಗಳ ಸಾಮಾಜಿಕ ನಿಧಿಗಳು, ಸ್ವಯಂಸೇವಾ ಸಂಸ್ಥೆಗಳು. ಆದೇಶದ ಕಾಗದದಲ್ಲಿ ಎಷ್ಟು ನಿಮಿಷ, ಯಾವ ರೆಸಲ್ಯೂಶನ್, ಎಷ್ಟು ದಿನದಲ್ಲಿ ಎನ್ನುವುದೆಲ್ಲ ಬರುತ್ತದೆ. ಅಲ್ಲಿ ಇನ್ನೊಂದು ಪುಟ ಇರಬೇಕೆಂದು ನಾನು ಒತ್ತಾಯದಿಂದ ಹೇಳುತ್ತೇನೆ: ಇದನ್ನು ನೋಡುವವರು ಯಾರು, ಎಲ್ಲಿ ಕೂತು ನೋಡುತ್ತಾರೆ, ಪಕ್ಕದಲ್ಲಿ ಯಾರಿರುತ್ತಾರೆ, ನೋಡಿದ ಮೇಲೆ ಮನೆಯಲ್ಲಿ ಯಾರು ಏನನ್ನು ಬೇರೆ ರೀತಿ ಮಾಡಬೇಕು. ಆ ಪುಟವನ್ನು ಬೆಂಗಳೂರಿನಲ್ಲಿ ಕೂತು ಬರೆಯಲಾಗುವುದಿಲ್ಲ. ಚಿತ್ರ ಬಿಡಿಸುವವರೂ ಕಥೆ ಬರೆಯುವವರೂ ಆ ಊರಿನಲ್ಲಿ ಕೆಲವು ದಿನ ಇರಬೇಕು, ಅನಿಮ್ಯಾಟಿಕ್ ಹಿಡಿದು ಇನ್ನೊಮ್ಮೆ ಹೋಗಬೇಕು. ಆ ಬಸ್ಸಿನ ಖರ್ಚು, ಊಟದ ಖರ್ಚು, ಹೊಲದ ಕೆಲಸ ಬಿಟ್ಟು ಬಂದು ಕೂತವರ ಅರ್ಧ ದಿನದ ಕೂಲಿ, ಇಷ್ಟನ್ನೂ ಅಂದಾಜುಪಟ್ಟಿಯಲ್ಲಿ ಮೊದಲ ಸಾಲಿನಲ್ಲೇ ಸೇರಿಸಬೇಕು.